ಡಿಕ್ಕಿಯೊಳಗಿನ ಮೇಣ

ಸೊಲ್ಲಾಪುರದ ಬಟ್ಟೆ ಪೇಟೆಯ ಆ ಓಣಿಯಲ್ಲಿ ಸ್ಕೂಟರ್ ನಿಲ್ಲಿಸುವುದಕ್ಕೆ ಒಂದು ಕಾಯದೆ ಇತ್ತು. ಬೆಸ ತಾರೀಖಿಗೆ ಟಾವೆಲ್ ಅಂಗಡಿಗಳ ಬದಿ, ಸಮ ತಾರೀಖಿಗೆ ಎದುರಿನ ಪಾತ್ರೆ ಅಂಗಡಿಗಳ ಬದಿ. ಕೇಳುವುದಕ್ಕೆ ಸರಳ. ಆದರೆ ಪಾತ್ರೆ ಅಂಗಡಿಗಳ ಬದಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕೈಗಾಡಿಗಳು ನಿಂತಿರುತ್ತಿದ್ದವು. ಟಾವೆಲ್ ಅಂಗಡಿಗಳ ಬದಿಯಲ್ಲಿ ಗಂಟು ಇಳಿಸುವ ಟ್ರಕ್ಕುಗಳು. ಉಳಿದ ಸಂದಿಯಲ್ಲಿ ಸ್ಕೂಟರಿನ ಮುಂದಿನ ಗಾಲಿ ತೂರಿಸಿದರೆ ಹಿಂದಿನ ಗಾಲಿ ರಸ್ತೆಯಲ್ಲೇ ಉಳಿಯುತ್ತಿತ್ತು. ಹಿಂದಿನ ಗಾಲಿ ರಸ್ತೆಯಲ್ಲಿ ಕಂಡರೆ ಹವಾಲ್ದಾರ ದಂಡದ ಚೀಟಿ ಹರಿಯುತ್ತಿದ್ದ.

ಆ ಓಣಿಯನ್ನು ತಪ್ಪಿಸಿ ನನ್ನ ಕೆಲಸ ನಡೆಯುವಂತಿರಲಿಲ್ಲ. ಹಲ್ಲಿನ ಡಾಕ್ಟರ ದವಾಖಾನೆ ಅಲ್ಲೇ ಒಂದು ಅಂಗಡಿಯ ಮಾಳಿಗೆ ಮೇಲಿತ್ತು. ಬಾಯಿ ನೋಡುವವರು ಅವರು. ಊರಿನ ಇನ್ನೊಂದು ತುದಿಯಲ್ಲಿ, ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವವನು ನಾನು. ಒಂದು ಜೊತೆ ಹಲ್ಲು ಆಗಬೇಕಾದರೆ ಎರಡೂ ಕಡೆ ಎಷ್ಟೋ ಸಲ ಓಡಾಡಬೇಕು. ಡಾಕ್ಟರು ತೆಗೆದ ಒಸಡಿನ ಅಚ್ಚು ತರಬೇಕು. ಅದರಲ್ಲಿ ಪ್ಲಾಸ್ಟರ್ ಹೊಯ್ದು ಮಾದರಿ ಮಾಡಬೇಕು. ಮಾದರಿಯ ಮೇಲೆ ಹಲ್ಲಿನ ಎತ್ತರಕ್ಕೆ ಮೇಣದ ಕಟ್ಟೆ ಕಟ್ಟಿ ತಿರುಗಿ ದವಾಖಾನೆಗೆ ಒಯ್ಯಬೇಕು. ಡಾಕ್ಟರು ಅದನ್ನು ಬಾಯಿಯಲ್ಲಿಟ್ಟು, ಕೆಳದವಡೆ ಮೇಲ್ದವಡೆಗೆ ಎಲ್ಲಿ ಬಂದು ಕೂಡುತ್ತದೆ ಎಂದು ಗುರುತು ಹಿಡಿದು, ಎರಡೂ ಕಟ್ಟೆಗಳನ್ನು ಕಾದ ಚಾಕುವಿನಿಂದ ಒಂದಕ್ಕೊಂದು ಬೆಸೆದು ಕೊಡುತ್ತಾರೆ. ಅದಕ್ಕೆ ನಾವು ‘ಕಚ್ಚು’ ಅನ್ನುತ್ತಿದ್ದೆವು. ಆ ಕಚ್ಚು ತಪ್ಪಿದರೆ ಮುಂದೆ ಎಷ್ಟು ಚಂದದ ಹಲ್ಲು ಕೂರಿಸಿದರೂ ಅದು ಕೈಯಲ್ಲಿ ಹಿಡಿದು ನೋಡುವುದಕ್ಕೇ ಸರಿ.

ಒಂದೊಂದು ಸಲಕ್ಕೂ ದವಾಖಾನೆಯಲ್ಲಿ ನನ್ನ ಕೆಲಸ ಕೆಲವು ನಿಮಿಷದ್ದು. ಅಷ್ಟರಲ್ಲೇ ಚೀಟಿ ಬೀಳುತ್ತಿತ್ತು. ಅದು ಆಣೀಬಾಣಿಯ ಕಾಲ, ತುರ್ತು ಪರಿಸ್ಥಿತಿ ಹೇರಿದ ಮರುವರ್ಷದ ಬೇಸಿಗೆ. ಕಚೇರಿಗಳಲ್ಲಿ ಜನ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದರು. ಕೆಳಗಿನವರಿಗೆ ಮೇಲಿನವರ ಹೆದರಿಕೆ, ಮೇಲಿನವರಿಗೆ ಅವರಿಗಿಂತ ಮೇಲಿನವರದು. ಮೊದಲಾದರೆ ಹವಾಲ್ದಾರನಿಗೆ ನಮಸ್ಕಾರ ಮಾಡಿ, ‘ಸಾಹೇಬ್ರ, ಈಗ ಬಂದೆ’ ಅಂದರೆ ಬಿಟ್ಟುಬಿಡುತ್ತಿದ್ದ. ಈಗ ಅವನು ನನ್ನ ಮುಖವನ್ನೇ ನೋಡದೆ ಬರೆಯುತ್ತಿದ್ದ.

ಚೀಟಿ ಬಿದ್ದರೆ ಲೈಸೆನ್ಸ್ ಅವನ ಕಿಸೆಗೆ ಹೋಯಿತು. ಚೀಟಿಯಲ್ಲಿ ಕೋರ್ಟಿನ ತಾರೀಖು ಇರುತ್ತದೆ. ಆ ದಿನ ಬೆಳಿಗ್ಗೆಯೇ ಹೋಗಿ ವರಾಂಡದಲ್ಲಿ ಕೂರಬೇಕು. ಹೆಸರು ಕೂಗುವ ಹೊತ್ತಿಗೆ ಊಟದ ಹೊತ್ತು ಮೀರಿರುತ್ತದೆ. ಒಳಗೆ ಹೋದರೆ ಗುನ್ಹಾ ಕಬೂಲೇ, ತಪ್ಪು ಒಪ್ಪಿಗೆಯೇ, ಎಂದು ಮರಾಠಿಯಲ್ಲಿ ಕೇಳುತ್ತಾರೆ. ಕಬೂಲ್ ಅಂದು, ದಂಡ ಕಟ್ಟಿ, ರಸೀದಿ ತಂದು ಚೌಕಿಯಲ್ಲಿ ತೋರಿಸಿ ಲೈಸೆನ್ಸ್ ಬಿಡಿಸಿಕೊಳ್ಳಬೇಕು. ಒಂದು ದಿನದ ಕೆಲಸ ಹಾಳು. ಅಂದು ಎರಕ ಹೊಯ್ಯಬೇಕಾಗಿದ್ದ ಅಚ್ಚುಗಳು ಕೋಣೆಯಲ್ಲಿ ಒಣಗಿ ಸೊಟ್ಟಾಗುತ್ತಿದ್ದವು.

ನಾನು ಸುಮ್ಮನೆ ಕೂತಿರಲಿಲ್ಲ. ಸ್ಕೂಟರನ್ನು ಚೌಕದಾಚೆ ನಿಲ್ಲಿಸಿ ನಡೆದು ಬಂದು ನೋಡಿದೆ. ಬೇಸಿಗೆಯ ಬಿಸಿಲಿನಲ್ಲಿ ಮೇಣದ ಕಟ್ಟೆ ಕೈಯಲ್ಲಿ ಹಿಡಿದು ಅಷ್ಟು ದೂರ ನಡೆದರೆ ದವಾಖಾನೆ ಮುಟ್ಟುವಷ್ಟರಲ್ಲಿ ಅಂಚು ಮೆತ್ತಗಾಗಿರುತ್ತಿತ್ತು. ಟಾವೆಲ್ ಅಂಗಡಿಯ ಶೇಠರು ಒಳ್ಳೆಯವರು, ತಮ್ಮ ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸು ಅಂದರು. ಆಮೇಲೆ ಅವರಿಗೇ ಒಂದು ನೋಟೀಸು ಬಂತು. ‘ಮಿಸ್ತ್ರಿ, ನಾ ವ್ಯಾಪಾರಸ್ಥ. ನನಗ ಈ ಗದ್ಲ ಬ್ಯಾಡ್ರಿ’ ಅಂದರು. ಡಾಕ್ಟರ ಕಾರಿಗೆ ಓಣಿಯಲ್ಲಿ ನಿಲ್ಲುವ ಪರವಾನಗಿ ಇತ್ತು. ಅಂಥದೇ ನನಗೂ ಬೇಕೆಂದು ಟ್ರಾಫಿಕ್ ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿನ ಕಾರಕೂನ ಓದಿ, ‘ನೀವು ಡಾಕ್ಟರೇನ್ರಿ?’ ಎಂದು ಕೇಳಿದ. ಅಲ್ಲ ಅಂದೆ. ‘ಹಂಗಾದ್ರ ಇದು ಆಗೂದಿಲ್ರಿ’ ಎಂದು ಅರ್ಜಿಯನ್ನು ನನ್ನ ಕಡೆಗೇ ಸರಿಸಿದ.

ಆ ದಿನಗಳಲ್ಲಿ ಅಕ್ಕಲಕೋಟೆಯಿಂದ ಒಬ್ಬರು ದವಾಖಾನೆಗೆ ಬರುತ್ತಿದ್ದರು. ಅಲ್ಲಿಯ ಪೇಟೆಯಲ್ಲಿ ಕಾಳಿನ ಸವಾಲು ಕೂಗುವವರು. ಜೋಳ, ತೊಗರಿ, ಕುಸುಬಿಯ ರಾಶಿಗಳ ನಡುವೆ ನಡೆಯುತ್ತ, ಯಾವ ವ್ಯಾಪಾರಿ ಎಷ್ಟು ಕೇಳಿದ ಎಂದು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿ ಬೆಲೆ ಏರಿಸುವ ಕೆಲಸ. ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಸಡು ಕೊಳೆತು ಹಲ್ಲೆಲ್ಲ ಕೀಳಿಸಬೇಕಾಗಿ ಬಂದಿತ್ತು. ಬಾಯಿ ಬೋಳಾದ ಮೇಲೆ ಅವರ ಮಾತು ಮಾತಿನೊಳಗೇ ಸೋರಿಹೋಗುತ್ತಿತ್ತು. ಮರಾಠಿಯಲ್ಲಿ ಏಳಕ್ಕೆ ಸಾತ್ ಅಂದರೆ ಅರವತ್ತರ ಸಾಠ್ ಎಂದು ಕೇಳಿಸಿ ಒಮ್ಮೆ ಇಬ್ಬರು ವ್ಯಾಪಾರಿಗಳು ರಾಶಿಯ ಮೇಲೆಯೇ ಕಾಲರ್ ಹಿಡಿದುಕೊಂಡರಂತೆ.

‘ಬಸವ ಜಯಂತಿ ಮುಗದ ಮ್ಯಾಲ ಮೊದಲನೇ ಪೇಟಿಗಿ ಹಲ್ಲು ಕಟ್ಕೊಂಡು ಬರ್ರಿ ಕಾಕಾ, ನಿಮ್ಮ ಜಾಗಾ ನಿಮಗ ಅಂತ ದಲಾಲಿ ಆಡತ್ಯಾರು ಅಂದಾರ’ ಎಂದು ಕಾಕಾ ನನಗೆ ಹೇಳಿದರು. ‘ಇಲ್ಲಂದ್ರ ಆಡತ್ಯಾನ ಅಳಿಯ ಒಬ್ಬ ಅದಾನ. ಕೂಗ್ತಾನ, ಆದ್ರ ಅವನ ದನಿಯೊಳಗ ದಮ್ಮಿಲ್ಲ.’

‘ಅಷ್ಟರಾಗ ಆಗ್ತಾವ ಕಾಕಾ’ ಅಂದೆ. ಆಗುವುದರಲ್ಲಿ ನನಗೆ ಸಂಶಯ ಇರಲಿಲ್ಲ.

ಅವರ ಕಚ್ಚು ಹಿಡಿಯುವುದೇ ಕಷ್ಟವಾಯಿತು. ಬಹಳ ದಿನ ಹಿಂದಿನ ಹಲ್ಲಿಲ್ಲದೆ ಮುಂದಿನ ಹಲ್ಲಿನಿಂದಲೇ ಅಗಿದವರು ಕೆಳದವಡೆಯನ್ನು ಮುಂದಕ್ಕೆ ಚಾಚುವ ರೂಢಿ ಮಾಡಿಕೊಂಡಿರುತ್ತಾರೆ. ಬಾಯಿ ಮುಚ್ಚಿ ಅಂದರೆ ಪ್ರತಿಸಲವೂ ಬೇರೆ ಜಾಗದಲ್ಲಿ ಮುಚ್ಚುತ್ತಾರೆ. ಎರಡು ಸಲ ಡಾಕ್ಟರು ಬೆಸೆದ ಕಟ್ಟೆ ಬಿಡಿಸಿ ಮತ್ತೆ ಹಿಡಿದರು. ಮೂರನೆಯ ಸಲ ಅವರು ಕಾಕಾನ ಪಕ್ಕ ಸುಮ್ಮನೆ ಕೂತು, ಮಳೆಬೆಳೆಯ ಮಾತಾಡಿ, ಅವರ ಭುಜ ಸಡಿಲಾದ ಮೇಲೆ ಹೇಳಿದರು: ‘ನಾಲಗಿ ತುದಿ ಮ್ಯಾಲ ಹಿಂದಕ್ಕ ಮಡಚರಿ. ಹಂಗ ಉಗುಳು ನುಂಗ್ರಿ. ಈಗ ಸಾವಕಾಶ ಬಾಯಿ ಮುಚ್ಚರಿ.’ ದವಡೆ ತನ್ನ ಜಾಗಕ್ಕೆ ಬಂದು ಕೂತಿತು. ಡಾಕ್ಟರು ಅದನ್ನು ನಾಲ್ಕಾರು ಸಲ ಮಾಡಿಸಿ, ಅದೇ ಜಾಗ ಎಂದು ಖಾತ್ರಿ ಮಾಡಿಕೊಂಡು ಬೆಸೆದರು. ಅಂಥ ಕಚ್ಚು ನಾನು ಕೈಯಲ್ಲಿ ಹಿಡಿದದ್ದು ಕಡಿಮೆ. ಆ ಮಧ್ಯಾಹ್ನದ ರೈಲಿಗೆ ಡಾಕ್ಟರು ಮನೆಯ ಮದುವೆಗಾಗಿ ಪರವೂರಿಗೆ ಹೊರಟಿದ್ದರು, ಬರುವುದು ಬಸವ ಜಯಂತಿ ಕಳೆದ ಮೇಲೆ. ಅದಕ್ಕೇ ಅಷ್ಟು ಶ್ರಮ ತೆಗೆದುಕೊಂಡಿದ್ದರು.

ಒದ್ದೆ ಬಟ್ಟೆ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಕೆಳಗೆ ಬಂದು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಕಿಕ್ ಹೊಡೆಯಬೇಕು, ಅಷ್ಟರಲ್ಲಿ ಡಾಕ್ಟರು ಮೇಲಿನ ಕಿಟಕಿಯಿಂದ ಕರೆದರು. ಹಲ್ಲಿನ ಬಣ್ಣ, ಅಳತೆ ಆರಿಸುವುದು ಉಳಿದಿತ್ತು. ಅದಕ್ಕೆ ಬಾಯಿಯೂ ಬೇಕು, ನಾನೂ ಬೇಕು. ಹತ್ತಿದೆ. ಡಾಕ್ಟರು ಬಿಳಿಯ ಹಲ್ಲೊಂದನ್ನು ಕಾಕಾನ ತುಟಿಯ ಹತ್ತಿರ ಹಿಡಿದರು. ಕಾಕಾ ಕನ್ನಡಿ ನೋಡಿ, ‘ಇಷ್ಟು ಬೆಳ್ಳಗಿನವು ಬ್ಯಾಡ್ರಿ. ಹೊಲದವರು ನನ್ನ ನೋಡಿ ನಗ್ತಾರ. ಎಲಿ ಅಡಿಕಿ ತಿಂದಾಂಗ ಇರೂವು ಕೊಡ್ರಿ’ ಅಂದರು. ನಾವು ಮೂವರೂ ನಕ್ಕೆವು. ಹಳದಿಯ ಕಡೆಗಿನ ಒಂದು ಜಾತಿ ಆರಿಸಿದೆವು.

ಕೆಳಗೆ ಬಂದರೆ ಸ್ಕೂಟರ್ ಇರಲಿಲ್ಲ.

ಪಾತ್ರೆ ಅಂಗಡಿಯವನು, ‘ಟ್ರಕ್ಕಿನ್ಯಾಗ ಎತ್ತಿ ಹಾಕ್ಕೊಂಡು ಹ್ವಾದ್ರು’ ಅಂದ. ಅಂದಿನ ತಾರೀಖಿಗೆ ಯಾವ ಬದಿಯೋ ಅದೇ ಬದಿಯಲ್ಲಿ, ಎರಡೂ ಗಾಲಿ ಗೆರೆಯೊಳಗೆ ಇಟ್ಟು ನಿಲ್ಲಿಸಿದ್ದೆ. ಅಂದು ಅಪರೂಪಕ್ಕೆ ಜಾಗ ಸಿಕ್ಕಿತ್ತು. ಮೇಲೆ ಹತ್ತಿ ಡಾಕ್ಟರಿಗೆ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು. ಹೊಸ ಕಟ್ಟೆ ಕಟ್ಟಿ ತರಲು ಮನೆಗೆ ಹೋಗಿ ಬರುವಷ್ಟು ಹೊತ್ತು ಅವರಿಗಿರಲಿಲ್ಲ. ‘ಹೋಗಿ ಡಬ್ಬಿ ಅಷ್ಟ ಇಸ್ಕೋರಿ. ಗಾಡಿ ಆಮ್ಯಾಲ ನೋಡೂಣಂತ’ ಅಂದು ಬ್ಯಾಗು ಎತ್ತಿಕೊಂಡರು.

ಕಾಕಾ ನನ್ನ ಜೊತೆ ಹೊರಟರು. ಬೇಡ ಅಂದರೂ ಕೇಳಲಿಲ್ಲ. ‘ನನ್ನ ಬಾಯಿ ಅದು, ನಾ ಬರಲಿಲ್ಲಂದ್ರ ಹೆಂಗ’ ಅಂದರು.

ಚೌಕಿಯ ಹಿಂದಿನ ಬಯಲಿಗೆ ಮುಳ್ಳುತಂತಿ ಹಾಕಿತ್ತು. ಒಂದು ಮರವೂ ಇಲ್ಲ. ಸೈಕಲ್ಲು, ಕೈಗಾಡಿ, ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ನನ್ನದು ತಂತಿಗೆ ಹತ್ತಿರದಲ್ಲೇ, ಡಿಕ್ಕಿಯ ಬದಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಅದರ ಮೇಲೆಯೇ. ಒಳಗಿನ ಮೇಣಕ್ಕೆ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುವುದು ನನಗೆ ಬೇಕಿರಲಿಲ್ಲ. ಆದರೂ ತಲೆ ಅದನ್ನೇ ಮಾಡುತ್ತಿತ್ತು.

ಮೇಜಿನ ಹಿಂದೆ ಕೂತಿದ್ದ ಹವಾಲ್ದಾರ ನಮ್ಮ ಕಡೆಯವನೇ, ಕನ್ನಡ ಬರುತ್ತಿತ್ತು. ಆ ಓಣಿಯಲ್ಲಿ ಸಮ-ಬೆಸದ ಕಾಯದೆ ಮುಗಿಯಿತು, ಎರಡೂ ಬದಿ ಗಾಡಿ ನಿಲ್ಲಿಸುವಂತಿಲ್ಲ ಎಂದು ಹೊಸ ಹುಕುಂ ಬಂದಿದೆ ಅಂದ. ಓಣಿಯಲ್ಲಿ ಹಾಗೆಂದು ಬೋರ್ಡು ಇಲ್ಲವಲ್ಲ ಎಂದು ಕೇಳಿದೆ.

‘ಬೋರ್ಡು ಪೇಂಟರ್ ಕಡೆ ಅದ್ರಿ’ ಅಂದ. ‘ಬರ್ಯಾಕತ್ತಾನ.’

‘ಬೋರ್ಡ ಇಲ್ದ ನನಗ ಹೆಂಗ ತಿಳೀಬೇಕ್ರಿ?’

‘ನಿಮ್ಮ ಮಾತು ಖರೇನ ಅದ. ಕೋರ್ಟಿನ್ಯಾಗ ಹೇಳ್ರಿ. ನಾಳಿ ಕೇಸ್ ಬರ್ತದ.’

ಗಾಡಿ ಬೇಡ, ಡಿಕ್ಕಿಯೊಳಗಿನ ಡಬ್ಬಿಯನ್ನು ಮಾತ್ರ ತೆಗೆದುಕೊಳ್ಳಲು ಬಿಡಿ ಎಂದು ಕೇಳಿದೆ. ಕೀಲಿ ನನ್ನ ಕಿಸೆಯಲ್ಲೇ ಇದೆ, ನಿಮ್ಮ ಎದುರಿಗೇ ತೆರೆಯುತ್ತೇನೆ ಅಂದೆ. ಅವನು ದನಿ ತಗ್ಗಿಸಿದ. ‘ಪಂಚನಾಮಾ ಆಗ್ಯಾದ್ರಿ. ಬೀಗ ಹಾಕಿದ್ದು ಬೀಗ ಹಾಕಿದಂಗ ಬರದೇವಿ. ಮೊನ್ನಿ ಒಬ್ಬಾಂವ ಯಾರದೋ ಚೀಲಾ ತಗಿಯಾಕ ಬಿಟ್ಟಾನಂತ ಸಾಹೇಬ್ರು ಅವನ ಪಟ್ಟಾ ಬಿಚ್ಚಿಸಿ ಮನಿಗಿ ಕಳಿಸ್ಯಾರ. ನನಗೂ ಹೆಂಡ್ರು ಮಕ್ಕಳು ಅದಾರ.’

ಸಾಹೇಬರು ಎಲ್ಲಿ ಎಂದು ಕೇಳಿದೆ. ಬಂದೋಬಸ್ತಿಗೆ ಹೋಗಿದ್ದರು.

ಆಗ ಕಾಕಾ ಮುಂದೆ ಬಂದರು. ಮೇಜಿನ ಮೇಲೆ ಕೈಯೂರಿ ಮರಾಠಿಯಲ್ಲಿ ಶುರು ಮಾಡಿದರು. ಇದು ತನ್ನ ಅನ್ನದ ಪ್ರಶ್ನೆ, ತಾನು ಹೊತ್ತಿಗೆ ಸರಿಯಾಗಿ ಪೇಟೆಗೆ ಹೋಗಬೇಕು ಎಂದೆಲ್ಲ ಹೇಳುತ್ತಿದ್ದರು. ಬೋಳು ಬಾಯಿಯ ಮಾತಿನ ಅಭ್ಯಾಸವಿದ್ದ ನನಗೆ ತಿಳಿಯಿತು. ಪಕ್ಕದ ಬೆಂಚಿನ ಮೇಲಿದ್ದ ಇನ್ನೊಬ್ಬ ಪೊಲೀಸನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ‘ದಾರೂ ಪ್ಯಾಲಾ ಕಾ?’ ಎಂದು ಕೇಳಿದ, ಕುಡಿದಿದ್ದೀಯಾ ಎಂದು. ಕಾಕಾ ಬಾಯಿ ಮುಚ್ಚಿಕೊಂಡರು.

ಹವಾಲ್ದಾರನಿಗೆ ಕೆಟ್ಟೆನಿಸಿರಬೇಕು. ಮುಟ್ಟದೆ ಬೇಕಾದರೆ ಗಾಡಿಯ ಮೇಲೆ ಒಂದು ಅರಿವೆ ಹೊದಿಸಿ ಅಂದ. ಕಾಕಾ ಹೆಗಲ ಮೇಲಿನ ಟಾವೆಲ್ ತೆಗೆದು ಅಂಗಳದ ನಳದಲ್ಲಿ ತೊಯ್ಸಿ ಡಿಕ್ಕಿಯ ಮೇಲೆ ಹಾಕಿದರು. ನಾವು ನೆರಳಿಗೆ ಬಂದು ಕೂರುವುದರೊಳಗೆ ಅದು ಒಣಗಿ ಪಾಪಡದಂತಾಗಿತ್ತು. ಮತ್ತೆ ತೊಯ್ಸಿದೆವು. ಒಮ್ಮೆ ಅವರು, ಒಮ್ಮೆ ನಾನು. ನಳದ ನೀರು ನಿಂತ ಮೇಲೆ ಹವಾಲ್ದಾರ ತನ್ನ ಕುಡಿಯುವ ಕೊಡದಿಂದ ಎರಡು ಚರಿಗೆ ಕೊಟ್ಟ. ಬಿಸಿಲು ಇಳಿಯುವವರೆಗೂ ಇದೇ ನಡೆಯಿತು. ತಗಡು ಕೈಗೆ ತಾಕಿದರೆ ಸುಡುತ್ತಿತ್ತು. ಉಪಯೋಗವಾಗುತ್ತಿದೆ ಎಂದು ನಾನು ನಂಬಿರಲಿಲ್ಲ. ಕಾಕಾ ಎದ್ದು ಹೋಗುತ್ತಿದ್ದುದರಿಂದ ನಾನೂ ಎದ್ದು ಹೋಗುತ್ತಿದ್ದೆ.

ಅವರು ಅಂದು ನಮ್ಮ ಮನೆಯಲ್ಲೇ ಉಳಿದರು. ನನ್ನ ಹೆಂಡತಿ ಅನ್ನ ಮೆತ್ತಗೆ ಮಾಡಿ ಹಾಲು ಹಾಕಿ ಕೊಟ್ಟಳು.

ಮರುದಿನ ಕೋರ್ಟಿನ ವರಾಂಡದಲ್ಲಿ ಒಬ್ಬ ವಕೀಲರಿಗೆ ಎಲ್ಲ ಹೇಳಿದೆ. ಅವರು ಖುಷಿಯಾದರು. ಬೋರ್ಡಿಲ್ಲದೆ ಹುಕುಂ ಜಾರಿ ಮಾಡುವಂತಿಲ್ಲ, ಹವಾಲ್ದಾರನೇ ಒಪ್ಪಿದ್ದಾನೆ, ಈ ಕೇಸು ನೀವು ಗೆಲ್ಲುತ್ತೀರಿ ಅಂದರು. ಹಿಂದಿನ ಎಲ್ಲ ಚೀಟಿಗಳೂ ಕಣ್ಣ ಮುಂದೆ ಬಂದವು. ಒಮ್ಮೆಯಾದರೂ ‘ಕಬೂಲ್ ಇಲ್ಲ’ ಎಂದು ಹೇಳುವ ಆಸೆ ನನಗಿತ್ತು.

‘ಗಾಡಿ ಯಾವಾಗ ಸಿಗ್ತದ್ರಿ?’ ಎಂದು ಕೇಳಿದೆ.

‘ಕೇಸ್ ನಡಸ್ತೀನಿ ಅಂದ್ರ ಗಾಡಿ ಮುದ್ದೆಮಾಲು, ಕೋರ್ಟಿನ ವಶದಾಗ ಇರ್ತದ. ಬಿಡಿಸ್ಕೊಳ್ಳಾಕ ಬ್ಯಾರೆ ಅರ್ಜಿ, ಜಾಮೀನು. ಕೋರ್ಟಿಗೆ ಸೂಟಿ ಬಂದಾವ, ಸ್ವಲ್ಪ ದಿನಾ ಹಿಡೀತದ. ಕಬೂಲ್ ಅಂದ್ರ ಇವತ್ತ ಸಂಜಿಗಿ ಸಿಗ್ತದ.’

ಕಾಕಾ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡಿದರೆ ಒತ್ತಾಯ ಮಾಡಿದ ಹಾಗಾಗುತ್ತದೆಂದು ತಿಳಿದಿರಬೇಕು. ಹೆಸರು ಕೂಗಿದರು. ಒಳಗೆ ಹೋಗಿ ಕಬೂಲ್ ಅಂದೆ.

ಚೌಕಿಯ ಬಯಲಿನಲ್ಲಿ ಡಿಕ್ಕಿ ತೆರೆದಾಗ ಮೊದಲು ಬಂದದ್ದು ವಾಸನೆ, ಕಾದ ಮೇಣದ್ದು. ಡಬ್ಬಿಯ ಮುಚ್ಚಳ ತೆಗೆದೆ. ಸುತ್ತಿದ ಬಟ್ಟೆ ಒಣಗಿ ಮೇಣಕ್ಕೆ ಅಂಟಿತ್ತು. ಮೇಲಿನ ಕಟ್ಟೆ ಒಂದು ಬದಿಗೆ ಕುಸಿದು ಕೆಳಗಿನದರೊಳಗೆ ಇಳಿದಿತ್ತು. ಡಾಕ್ಟರು ಚಾಕುವಿನಿಂದ ಎಳೆದ ಗುರುತುಗಳು ಅಳಿಸಿಹೋಗಿದ್ದವು. ಕಾಕಾ ಬಗ್ಗಿ ನೋಡಿದರು.

‘ಕೆಟ್ಟಾದೇನ್ರಿ?’

‘ಕೆಟ್ಟಾದ ಕಾಕಾ.’

ಊರಿನ ಇನ್ನೊಬ್ಬ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬೇರೆಯವರು ಹಿಡಿದ ಕೇಸಿಗೆ ತಾವು ಕೈ ಹಚ್ಚುವುದಿಲ್ಲ ಅಂದರು. ಮನೆಗೆ ಬಂದೆವು. ಪ್ಲಾಸ್ಟರ್ ಮಾದರಿಗಳು ಕೋಣೆಯಲ್ಲಿ ಹಾಗೇ ಇದ್ದವು. ಹೊಸ ಕಟ್ಟೆ ಕಟ್ಟುವುದು ನನಗೆ ದೊಡ್ಡದಲ್ಲ. ಅದನ್ನು ಬಾಯಿಯಲ್ಲಿಟ್ಟು ಕಚ್ಚು ಹಿಡಿಯುವವರು ಯಾರು? ಆ ಕೆಲಸ ನನ್ನದಲ್ಲ. ಮಾಡಲು ಪರವಾನಗಿಯೂ ಇಲ್ಲ, ಜೀವಂತ ಬಾಯಿಯಲ್ಲಿ ಒಮ್ಮೆಯೂ ಮಾಡಿದವನಲ್ಲ.

‘ನೀವ ಹಿಡೀರಿ’ ಅಂದರು ಕಾಕಾ. ‘ನಾ ಯಾರಿಗೂ ಹೇಳೂದಿಲ್ಲ.’

ಒಪ್ಪಿದೆ. ಪೇಟೆ ತಪ್ಪಿದರೆ ಅವರಿಗೆ ಜಾಗ ಇಲ್ಲ ಎಂಬುದು ಗಟ್ಟಿ, ಕಚ್ಚು ತಪ್ಪುತ್ತದೆ ಎಂಬುದು ಇನ್ನೂ ಗಟ್ಟಿಯಾಗಿರಲಿಲ್ಲ. ಹಾಗೆ ಯೋಚಿಸಿದೆ. ಡಾಕ್ಟರು ಹೇಳಿದ ಮಾತುಗಳನ್ನೇ ಹೇಳಿದೆ, ನಾಲಗೆ ಮಡಚಿ, ನುಂಗಿ, ಮುಚ್ಚಿ. ಆದರೆ ಎರಡು ದಿನ ಬಿಸಿಲು ಕುಡಿದ ಮನುಷ್ಯನ ಬಾಯಿಯಲ್ಲಿ ನುಂಗಲು ಉಗುಳಿರಲಿಲ್ಲ. ಭುಜ ಕಲ್ಲಾಗಿದ್ದವು. ದವಡೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಎರಡು ಸಲ ಒಂದೇ ಜಾಗಕ್ಕೆ ಬಂದಂತೆ ಕಂಡಾಗ ಬೆಸೆದುಬಿಟ್ಟೆ.

ಅವರು ಊರಿಗೆ ಹೋದರು. ಮೇಣದಲ್ಲಿ ಹಲ್ಲು ಕೂರಿಸಿ ಒಮ್ಮೆ ಬಾಯಲ್ಲಿಟ್ಟು ನೋಡುವುದು ಪದ್ಧತಿ. ಅದಕ್ಕೆ ವೇಳೆ ಇರಲಿಲ್ಲ. ಹಾಗೇ ಪ್ಲಾಸ್ಟರಿನಲ್ಲಿ ಹೂತು, ಮೇಣ ಕುದಿಸಿ ತೆಗೆದು, ಒಸಡಿಗಾಗಿ ಗುಲಾಬಿ ಅಕ್ರಿಲಿಕ್ ಹಿಟ್ಟು ತುಂಬಿ, ಬಿಗಿದು ಬೇಯಿಸಿದೆ. ಉಜ್ಜಿ ಹೊಳಪು ಮಾಡುವಾಗ ಅವು ಚಂದ ಕಂಡವು.

ಪೇಟೆಯ ದಿನ ಸ್ಕೂಟರನ್ನು ಬಸ್ ನಿಲ್ದಾಣದ ಹೊರಗೆ ನಿಲ್ಲಿಸಿ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಹೋದೆ. ಕಾಕಾ ಹೊಸ ಧೋತರ ಉಟ್ಟು ಪೇಟೆಯ ಬಾಗಿಲಲ್ಲೇ ನಿಂತಿದ್ದರು. ಅಲ್ಲೇ ಒಂದು ಆಡತಿ ಅಂಗಡಿಯ ಒಳಗೆ ಹಲ್ಲು ಇಟ್ಟೆ. ಒಂದೆರಡು ಕಡೆ ಒತ್ತುತ್ತಿದ್ದಲ್ಲಿ ಕೆರೆದು ಕೊಟ್ಟೆ. ಅವರು ಮೆಲ್ಲಗೆ ಅಂಕಿ ಎಣಿಸಿ ನೋಡಿದರು, ಎಲ್ಲವೂ ಸ್ಪಷ್ಟ. ಅವರ ಮುಖ ತುಂಬಿ ಹತ್ತು ವರ್ಷ ಸಣ್ಣವರಾದಂತೆ ಕಂಡರು.

ಮೊದಲ ರಾಶಿ ತೊಗರಿಯದು. ಕಾಕಾ ಕೂಗಿದರು. ಆ ದನಿಯನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಗೋಡೆಯಾಚೆ ಎತ್ತು ಬಿಚ್ಚುತ್ತಿದ್ದವರೂ ತಿರುಗಿ ನೋಡಿದರು. ಎರಡನೇ ರಾಶಿಗೆ ಬೇಡಿಕೆ ಚುರುಕಾಯಿತು, ಅವರ ಕೂಗೂ ಚುರುಕಾಯಿತು. ಆಗ ಕೆಳಗಿನ ಹಲ್ಲಿನ ಕಟ್ಟು ಎದ್ದಿತು. ಟಕ್ ಎಂಬ ಸದ್ದು ನನಗೆ ಕೇಳಿತು. ಹಿಂದಿನ ಹಲ್ಲು ಒಂದಕ್ಕೊಂದು ಮುಟ್ಟದೆ ಮುಂದಿನವು ಮಾತ್ರ ಬಡಿಯುತ್ತಿದ್ದವು. ಅವರು ನಾಲಗೆಯಿಂದ ಒತ್ತಿ ಹಿಡಿದು ಕೂಗಿದರು. ನಾಲಗೆ ಹಲ್ಲು ಹಿಡಿದರೆ ಮಾತು ಹಿಡಿಯುವುದಿಲ್ಲ. ಮೂರನೇ ರಾಶಿಯ ಎದುರು, ಬಾಯಿ ಪೂರಾ ತೆರೆದಾಗ, ಕೆಳಗಿನ ಕಟ್ಟು ಹೊರಗೆ ಬಂದು ಕುಸುಬಿಯ ರಾಶಿಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಕಾಕಾ ಬಗ್ಗಿ ಎತ್ತಿಕೊಂಡು, ಊದಿ, ಧೋತರದ ಚುಂಗಿನಲ್ಲಿ ಒರೆಸಿದರು. ಒಬ್ಬ ಹಿರಿಯ ಆಡತ್ಯಾ ಹತ್ತಿರ ಬಂದು, ‘ಕಾಕಾ, ಕೂಡ್ರಿ. ನೀರು ಕುಡೀರಿ. ಇವತ್ತೊಂದ ದಿನಾ ಅಳಿಯ ಕೂಗ್ಲಿ’ ಅಂದ. ಇವತ್ತೊಂದು ದಿನ ಅಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕಾಕಾ ಬಂದು ನನ್ನ ಪಕ್ಕ ನಿಂತರು. ಅಳಿಯ ಕೂಗತೊಡಗಿದ. ಅವನು ಕೂಗುವ ಪ್ರತಿ ಅಂಕಿಗೂ ಕಾಕಾನ ತುಟಿ ಅಲುಗುತ್ತಿತ್ತು.

‘ಡಾಕ್ಟರು ಬಂದ ಮ್ಯಾಲ ಮತ್ತ ಹೊಸದು ಮಾಡೂಣು ಕಾಕಾ’ ಅಂದೆ.

‘ಮಾಡ್ರಿ’ ಅಂದರು. ‘ಉಣ್ಣಾಕ ಬೇಕಲ್ರಿ.’

ಸಂಜೆ ಸೊಲ್ಲಾಪುರದಲ್ಲಿ ಇಳಿದಾಗ ಸ್ಕೂಟರಿನ ಹ್ಯಾಂಡಲಿಗೆ ಚೀಟಿ ಸಿಕ್ಕಿಸಿದ್ದರು. ಅಲ್ಲಿ ಬೋರ್ಡು ಇತ್ತೋ ಇಲ್ಲವೋ ಎಂದು ನಾನು ತಿರುಗಿ ನೋಡಲಿಲ್ಲ. ಕೊಟ್ಟ ತಾರೀಖಿಗೆ ಕೋರ್ಟಿಗೆ ಹೋಗಿ ವರಾಂಡದಲ್ಲಿ ಕೂತೆ. ಮಧ್ಯಾಹ್ನದ ಮೇಲೆ ಹೆಸರು ಕೂಗಿದರು. ಒಳಗೆ ಹೋಗಿ ಕಟಕಟೆಯಲ್ಲಿ ನಿಂತವನೇ ಕಬೂಲ್ ಅಂದೆ.

ಮ್ಯಾಜಿಸ್ಟ್ರೇಟರು ಕಾಗದದಿಂದ ತಲೆ ಎತ್ತಿದರು. ‘ಅಜೂನ್ ವಾಚ್ಲಂ ನಾಹೀ’ ಅಂದರು, ಆರೋಪ ಇನ್ನೂ ಓದಿಲ್ಲ ಎಂದು.

‘ಇರ್ಲಿ ಬಿಡ್ರಿ ಸಾಹೇಬ್ರ’ ಅಂದೆ.

ಅವರು ಬರೆದುಕೊಂಡು, ಮುಂದಿನವನ ಹೆಸರು ಕೂಗಿಸಿದರು.